ಒಣಗಲು ಇಟ್ಟ ಕಡ್ಡಿಗಳು

ಹೊಸನಗರ
6-3-1966

ಮಗಳು ದುಗ್ಗಿಗೆ, ಹೊಸನಗರದ ಎಲೆಬಳ್ಳಿ ಸಾಮ್ರಾಜ್ಯದ ದೊರೆಯೂ ನಿನ್ನ ಅಪ್ಪಯ್ಯನೂ ಆದ ಮಾಸ್ತಪ್ಪ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅವ್ವನ ಸೊಂಟನೋವು ಚೆನ್ನಾಗಿದೆ, ಅವಳ ಬಾಯಿ ಅದಕ್ಕಿಂತ ಚೆನ್ನಾಗಿದೆ. ಈಗ ಪಕ್ಕದಲ್ಲೇ ಕೂತು, "ಏನ್ ಬರೀತಿದ್ದೀರಿ, ಓದಿ ಹೇಳಿ" ಅನ್ನುತ್ತಿದ್ದಾಳೆ. "ನಿನ್ನ ಹೊಗಳ್ತಾ ಇದ್ದೀನಿ ಮಾರಾಯ್ತಿ" ಅಂದೆ. ಅವಳಿಗೆ ಓದು ಬರದಿರುವುದು ನನ್ನ ಪುಣ್ಯ.

ನೀನು ಮದುವೆಯಾಗಿ ಚಿತ್ರದುರ್ಗದ ಆಚೆಯ ಆ ಒಣ ಗುಡ್ಡಕ್ಕೆ ಹೋಗಿ ಎರಡು ವರ್ಷವಾಯಿತು. ಸಂತೆಯಲ್ಲಿ ವೀಳ್ಯದೆಲೆ ಕೊಳ್ಳಲು ಬಂದವರು, "ಅಳಿಯಂಗೆ ಎಲ್ಲಿ ಕೆಲಸ?" ಅಂತ ಕೇಳುತ್ತಾರೆ. "ಸರ್ಕಾರಿ ತೋಟದಲ್ಲಿ ಮಾಲಿ" ಅನ್ನುತ್ತೇನೆ. "ಏನು ಬೆಳೀತಾರೆ?" "ಮುಳ್ಳು." ಅವರು ನಗುತ್ತಾರೆ. ನಿಜ ಹೇಳಿದರೂ ನಗುವ ಜನ ಸಿಕ್ಕಿದ್ದು ನನ್ನ ಅದೃಷ್ಟ.

ಈ ಸಲ ಯುಗಾದಿಗೆ ನಾನೇ ಬರುತ್ತೇನೆ. ಆಗ ಆ ತೋಟದಲ್ಲಿ ಹೂವಾಗುತ್ತದೆ, ಊರೂರಿನ ಜನ ನೋಡಲು ಬರುತ್ತಾರೆ ಅಂತ ನೀನೇ ಬರೆದಿದ್ದೆ. ಅಳಿಯ ಜಟ್ಟಿಂಗಪ್ಪ ಹೊಸ ಪಾತಿ ಮಾಡುತ್ತಿದ್ದಾನೆ, ಅದು ಸಾಹೇಬರ ಮನಸ್ಸಿಗೆ ಬಂದರೆ ಕೆಲಸ ಕಾಯಂ ಆಗುತ್ತದೆ, ಇರುವ ಮನೆಯೂ ನಿಮಗೇ ಉಳಿಯುತ್ತದೆ ಅಂತಲೂ ಬರೆದಿದ್ದೆ. ಅಂಥ ಹೊತ್ತಿನಲ್ಲಿ ಮಾವ ಅನ್ನಿಸಿಕೊಂಡವನು ಬಂದು ಬೆನ್ನು ತಟ್ಟದಿದ್ದರೆ ಹೇಗೆ? ನಿನ್ನ ಅವ್ವ ಬರುವುದಿಲ್ಲವಂತೆ. ಬಸ್ಸಿನಲ್ಲಿ ವಾಂತಿಯಂತೆ. ನಾನೂ ಒತ್ತಾಯ ಮಾಡಲಿಲ್ಲ.

ನಿನ್ನ ಅಪ್ಪಯ್ಯ,
ಮಾಸ್ತಪ್ಪ


ಹೊಸನಗರ
2-4-1966

ದುಗ್ಗಿ ಮಗಳಿಗೆ, ಬಿಸಿಲಿಗೆ ಹಪ್ಪಳವಾಗಿ ವಾಪಸು ಬಂದ ಅಪ್ಪಯ್ಯನ ಆಶೀರ್ವಾದ.

ಸುಖವಾಗಿ ತಲುಪಿದೆ. ನಿನ್ನ ಅವ್ವ ನನ್ನ ಮುಖ ನೋಡಿ, "ಇದ್ಯಾರು, ಬಾಣಲೆಗೆ ಬಿದ್ದೆದ್ದು ಬಂದೋರು?" ಅಂದಳು. ಆಮೇಲೆ ಎರಡು ದಿನ ಬಿಡದೆ ನಿನ್ನ ಬಗ್ಗೆ ಕೇಳಿದಳು. ಮಗಳು ದಪ್ಪಗಾಗಿದ್ದಾಳೆ ಅಂತ ಸುಳ್ಳು ಹೇಳಿದೆ.

ಬಸ್ಸಿಳಿದ ಕೂಡಲೇ ಮೇಲೆ ನೋಡಿದೆ. ಆಕಾಶ ಅಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮ ಕಡೆ ಅರ್ಧ ಆಕಾಶವನ್ನು ಮರಗಳೇ ತಿಂದಿರುತ್ತವೆ. ನಿಮ್ಮ ತೋಟದ ಗೇಟು ದಾಟಿದಾಗ, "ಇವರು ಜಾಗ ತೋರಿಸ್ತಿದ್ದಾರೆ, ತೋಟ ಇನ್ನು ಮಾಡ್ತಾರೆ" ಅಂದುಕೊಂಡೆ. ಆಮೇಲೆ ಕಣ್ಣು ಹೊಂದಿಕೊಂಡಿತು. ಮುತ್ತುಗದ ಮರದಲ್ಲಿ ಎಲೆ ಒಂದೂ ಇಲ್ಲ, ಮೈತುಂಬ ಕೆಂಡ. ತಂಗಡಿ ಗಿಡ ಅರಿಶಿನ ಚೆಲ್ಲಿಕೊಂಡು ನಿಂತಿತ್ತು. ಒಂದು ಗಿಡವಂತೂ ಮುಳ್ಳುಹಂದಿ ತಲೆಕೆಳಗಾಗಿ ನಿದ್ದೆ ಹೋದ ಹಾಗಿತ್ತು. ದುರ್ಗದಿಂದ ಹೊಸ ಸೀರೆ ಉಟ್ಟು ಬಂದ ಹೆಂಗಸರು ಅದರ ಮುಂದೆ ಬಗ್ಗಿ, ಮುಳ್ಳಿನ ನಡುವೆ ಸಾಸಿವೆಯಷ್ಟು ಹೂ ನೋಡಿ, "ಅಯ್ಯೋ ಶಿವನೇ!" ಅಂದರು. ನಾನೂ ಬಗ್ಗಿದೆ. ನಾನೂ ಅದನ್ನೇ ಅಂದೆ.

ನಿಮ್ಮ ಮುಕುಂದಯ್ಯ ಸಾಹೇಬರು ಒಳ್ಳೆಯ ಮನುಷ್ಯ. ಎಲ್ಲರಿಗೂ ಹೇಳಿದ್ದನ್ನೇ ನನಗೂ ಹೇಳಿದರು. "ಇವೆಲ್ಲ ಈ ನೆಲದಲ್ಲೇ ಹುಟ್ಟಿದವು. ಇವು ನೀರು ಕೇಳೋದಿಲ್ಲ."

"ಸ್ವಾಮಿ, ಕೇಳದೇ ಇದ್ದೋರಿಗೆ ಕೊಡಬಾರ್ದು ಅಂತ ಎಲ್ಲಾದ್ರೂ ಐತಾ? ನನ್ನ ಹೆಂಡ್ತಿ ಯಾವತ್ತೂ ಸೀರೆ ಕೇಳಲ್ಲ. ತರದೇ ಇದ್ರೆ ಗೊತ್ತಾಗ್ತದೆ" ಅಂದೆ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ಈಗ ಒಂದು ಗುಟ್ಟು ಹೇಳುತ್ತೇನೆ. ಹಬ್ಬದ ಮಾರನೇ ದಿನ ಅಳಿಯ ಸಾಹೇಬರ ಜೊತೆ ಗಿಡ ಹುಡುಕಲು ಬಳ್ಳಾರಿ ಕಡೆಯ ಗುಡ್ಡಕ್ಕೆ ಹೋದನಲ್ಲ, ಆಗ ನಾನು ನಿಮ್ಮ ಮನೆಯ ಹಿಂದೆ ತಡಿಕೆ ಕಟ್ಟಿ ಬೀಗ ಹಾಕಿದ ಚಪ್ಪರದೊಳಗೆ ಇಣುಕಿದೆ. ನೋಡಿದರೆ ಸಾಲಾಗಿ ಮುನ್ನೂರು ಕಡ್ಡಿ, ಗಿಡದಿಂದ ಕೊಯ್ದು ಮರಳ ಮೇಲೆ ಮಲಗಿಸಿಟ್ಟಿದ್ದಾನೆ. ಒಂದು ತೊಟ್ಟು ನೀರಿಲ್ಲ! ಸುಕ್ಕಾಗಿ ಹೋಗಿದ್ದವು. ಪಾಪ, ಓಡಾಟದಲ್ಲಿ ಮರೆತಿರಬೇಕು ಅನ್ನಿಸಿತು. ನಾನು ಎಲೆಬಳ್ಳಿಯ ಕಡ್ಡಿ ನೆಟ್ಟ ಗಳಿಗೆಯಲ್ಲೇ ನೀರು ಕೊಡುವವನು. ಹೊಟ್ಟೆ ಉರಿಯಿತು.

ನೀನು ಬೆಳಿಗ್ಗೆ ಗೇಟಿನ ಹತ್ತಿರ ನೆಲ ಗುಡಿಸಲು ಹೋದ ಮೇಲೆ, ಮೊಳೆಗೆ ನೇತುಹಾಕಿದ ಬೀಗದ ಕೈ ತೆಗೆದುಕೊಂಡು, ನಾಲ್ಕು ದಿನವೂ ಬಾವಿಯಿಂದ ಸೇದಿ ಸೇದಿ ನೀರುಣಿಸಿದೆ. ಮೇಲೆ ಹೊಂಗೆ ಸೊಪ್ಪು ದಪ್ಪಗೆ ಮುಚ್ಚಿದೆ, ತಂಪು ಆರಬಾರದಲ್ಲ! ಅಳಿಯನಿಗೆ ಹೇಳಬೇಡ. ಚಿಗುರು ಒಡೆದು ಸಾಹೇಬರು ಭೇಷ್ ಅಂದ ಮೇಲೆ, "ಅದು ಮಾವನ ಕೈಗುಣ" ಅಂತ ಮೆಲ್ಲಗೆ ಹೇಳು.

ನಿನ್ನ ಅಪ್ಪಯ್ಯ,
ಮಾಸ್ತಪ್ಪ


ಗುಡ್ಡದ ತೋಟ
20-4-1966

ತೀರ್ಥಹಳ್ಳಿಯ ಚಿಕ್ಕಮ್ಮ ಹಾಲಮ್ಮನಿಗೆ ದುಗ್ಗಮ್ಮನ ನಮಸ್ಕಾರ.

ಅವ್ವನ ಕಡೆಯಲ್ಲಿ ಓದು ಬಲ್ಲ ಹೆಂಗಸು ನೀನೊಬ್ಬಳೇ. ಅದಕ್ಕೆ ನಿನಗೆ ಬರೆಯುತ್ತಿದ್ದೇನೆ. ಓದಿ ಹರಿದುಹಾಕು. ಅವ್ವನಿಗೂ ಹೇಳಬೇಡ.

ಅಪ್ಪಯ್ಯ ಯುಗಾದಿಗೆ ಬಂದಿದ್ದರು. ಅವರಿದ್ದ ಅಷ್ಟೂ ದಿನ ಮನೆ ನಗುತ್ತಿತ್ತು. ಹೋಗುವಾಗ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೋಗ್ತೀನಿ ಮುಳ್ಳಿನ ರಾಣಿ" ಅಂತ ಕೂಗಿದರು. ಇವರು ಗುಡ್ಡದಿಂದ ಬಂದದ್ದು ಅವತ್ತೇ, ಸಾಹೇಬರು ಅಲ್ಲಿಂದಲೇ ಪ್ರವಾಸ ಮುಂದುವರಿಸಿದ್ದರು. ಮಾವನನ್ನು ಬಸ್ಸು ಹತ್ತಿಸಿ ಬಂದು ಚಪ್ಪರದ ಬಾಗಿಲು ತೆಗೆದರೆ ಒಳಗೆಲ್ಲ ಕೊಳೆತ ವಾಸನೆ.

ಚಿಕ್ಕಮ್ಮ, ಇಲ್ಲಿಯ ಗಿಡಗಳ ರೀತಿಯೇ ಬೇರೆ. ಕಡ್ಡಿ ಕೊಯ್ದ ಮೇಲೆ ನೀರು ಸೋಕಿಸದೆ ಒಂದು ತಿಂಗಳು ನೆರಳಲ್ಲಿ ಇಡಬೇಕು. ಕೊಯ್ದ ಗಾಯ ಒಣಗಿ ಗಟ್ಟಿಯಾದ ಮೇಲೆ ನೆಡಬೇಕು. ಅದಕ್ಕೂ ಮುಂಚೆ ನೀರು ತಾಗಿದರೆ ಗಾಯದಿಂದಲೇ ಕೊಳೆಯುತ್ತದೆ. ಅಪ್ಪಯ್ಯ ನಾಲ್ಕು ದಿನ ನೀರು ಹೊಯ್ದು ಸೊಪ್ಪು ಮುಚ್ಚಿದ್ದರು. ಇವರು ಒಂದೊಂದನ್ನೇ ಎತ್ತಿ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಟ್ಟರು. ವಾರದೊಳಗೆ ಎಲ್ಲ ಲೋಳೆಯಾಯಿತು. ಮೂರು ವರ್ಷ ಗುಡ್ಡ ಗುಡ್ಡ ಅಲೆದು ಬೆಳೆಸಿದ ತಾಯಿಗಿಡಗಳನ್ನು ಬುಡದ ತನಕ ಕೊಯ್ದು ಹೊಸ ಪಾತಿಗೆ ಮಾಡಿದ ಕಡ್ಡಿ ಅವು. ಅದರಲ್ಲಿ ಕೆಲವು ಜಾತಿ ಇನ್ನು ಸಿಕ್ಕುವುದೇ ಇಲ್ಲವಂತೆ.

ಯಾರು ಮಾಡಿದ್ದು ಅಂತ ನಾವು ತಲೆ ಕೆಡಿಸಿಕೊಂಡಿದ್ದಾಗ ಅಪ್ಪಯ್ಯನ ಕಾಗದ ಬಂತು. ಗುಟ್ಟು ಅಂತ ಅವರೇ ಬರೆದಿದ್ದರು. ನಾನು ಓದಿ ಇವರ ಕೈಗೆ ಕೊಟ್ಟೆ.

"ಸಾಹೇಬ್ರು ಪ್ರವಾಸದಿಂದ ಬಂದ ಕೂಡ್ಲೇ ಇದನ್ನ ತೋರಿಸಿ. ನಿಮ್ ತಪ್ಪಲ್ಲ ಅಂತ ಗೊತ್ತಾಗ್ತದೆ" ಅಂದೆ.

"ಮಾವನ ತಪ್ಪು ಅಂತ ಗೊತ್ತಾಗ್ತದೆ" ಅಂದರು.

"ಆಗ್ಲಿ ಬಿಡಿ. ಅವರೇ ತಾನೇ ಮಾಡಿದ್ದು?"

"ದುಗ್ಗಿ, ಆ ಮನುಷ್ಯಂಗೆ ಗಿಡ ಬಿಟ್ರೆ ಏನ್ ಗೊತ್ತು ಹೇಳು. ತನ್ನ ಕೈಯಿಂದ ಮುನ್ನೂರು ಗಿಡ ಸತ್ತವು ಅಂತ ಗೊತ್ತಾದ್ರೆ ಇನ್ನೊಂದ್ ಬಳ್ಳಿ ಮುಟ್ತಾರಾ? ಆಮೇಲೆ ಅವರು ನಗೋದು ನಾನು ನೋಡ್ಬೇಕಲ್ಲ."

ಸಾಹೇಬರು ಬಂದರು. ಚಪ್ಪರದಲ್ಲಿ ಒಂದು ಕೊಳೆತ ಕಡ್ಡಿ ಎತ್ತಿ ನೋಡಿದರು. "ಯಾರು ನೀರು ಹಾಕಿದ್ದು?" ಅಂತ ಕೇಳಿದರು. ಇವರು, "ನಾನೇ ಸ್ವಾಮಿ" ಅಂದರು.

"ನೀನಾ? ಮೂರು ವರ್ಷ ನನ್ನ ಜೊತೆ ಗುಡ್ಡ ಹತ್ತಿದೋನು ನೀನಾ?"

ಸಾಹೇಬರು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೆಲಸ ಹೋಯಿತು, ಮೇ ಕೊನೆಗೆ ಮನೆಯನ್ನೂ ಬಿಡಬೇಕು. ಇವರ ಮೇಲೆ ನನಗೆ ಸಿಟ್ಟೂ ಬರುತ್ತದೆ, ಸಿಟ್ಟು ಮಾಡಲೂ ಆಗುತ್ತಿಲ್ಲ.

ನಿನ್ನ ಮಗಳು,
ದುಗ್ಗಮ್ಮ


ಗುಡ್ಡದ ತೋಟ
25-4-1966

ಅಪ್ಪಯ್ಯನ ಪಾದಗಳಿಗೆ ದುಗ್ಗಮ್ಮನ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಇಲ್ಲಿ ಎಲ್ಲ ಚೆನ್ನಾಗಿದೆ. ಬಿಸಿಲು ಹೆಚ್ಚು. ಇವರಿಗೆ ಕೆಲಸ ಜಾಸ್ತಿ, ಅದಕ್ಕೆ ಬೇಗ ಬರೆಯಲಾಗಲಿಲ್ಲ. ಕಡ್ಡಿಗಳನ್ನು ಪಾತಿಗೆ ಹಾಕಿ ಆಯಿತು.

ಅವ್ವನ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳಲು ಹೇಳಿ.

ನಿಮ್ಮ ಮಗಳು,
ದುಗ್ಗಮ್ಮ


ಹೊಸನಗರ
18-7-1966

ದುಗ್ಗಿಗೆ, ಹದಿನೆಂಟು ದಿನದಿಂದ ಸೂರ್ಯನ ಮುಖ ಕಾಣದ ಅಪ್ಪಯ್ಯನ ಆಶೀರ್ವಾದ.

ಇಲ್ಲಿ ಒಗೆದ ಪಂಚೆ ಒಣಗಬೇಕಾದರೆ ಒಲೆಯ ಮೇಲೆ ಹಪ್ಪಳದ ಹಾಗೆ ಸುಡಬೇಕು. ಮೊನ್ನೆ ಒಂದು ಸುಟ್ಟೇ ಹೋಯಿತು. ನಿನ್ನ ಅವ್ವ ಅದನ್ನು ಹಿಡಿದು, "ಇನ್ನು ಇದನ್ನ ತಿನ್ನಿ" ಅಂದಳು.

ಕಾಯಂ ಆದದ್ದರ ಬಗ್ಗೆ ನೀನು ಬರೆಯಲೇ ಇಲ್ಲ. ಸರ್ಕಾರದ ಕೆಲಸ ನಿಧಾನ, ಗೊತ್ತು. ನಮ್ಮ ಕಡ್ಡಿಗಳು ಎಷ್ಟುದ್ದ ಬಂದವು? ಚಿಗುರು ಯಾವ ಬಣ್ಣ? ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಹತ್ತಿರ ಎಲ್ಲ ಹೇಳಿದ್ದೇನೆ. ಆ ಕಡೆಯವರು ಮೂರು ವರ್ಷದಲ್ಲಿ ಮಾಡಲಾಗದ್ದನ್ನು ನಾನು ನಾಲ್ಕು ದಿನದಲ್ಲಿ ಮಾಡಿ ಬಂದೆ ಅಂತ. ಅವನು ಅದನ್ನು ಇಡೀ ಬಸ್ಸಿಗೆ ಹೇಳಿದ. ಈಗ ಸಂತೆಯಲ್ಲಿ ಯಾರ ಮಲ್ಲಿಗೆ ಬಾಡಿದರೂ, "ಮಾಸ್ತಪ್ಪನ್ನ ಕರೀರಿ" ಅನ್ನುತ್ತಾರೆ.

ನಿನ್ನ ಅವ್ವ, "ದುಗ್ಗಿ ಕಾಗದ ಯಾಕೋ ಗಿಡ್ಡ ಆಗ್ತಾ ಬಂತು" ಅಂದಳು. "ಅಲ್ಲಿ ಕುಡಿಯೋಕೇ ನೀರಿಲ್ಲ, ಶಾಯಿ ಎಲ್ಲಿಂದ ತರ್ತಾಳೆ?" ಅಂದೆ. ಅವಳು ನಗಲಿಲ್ಲ. ಸ್ವಲ್ಪ ಉದ್ದ ಬರಿ ಮಗಳೇ.

ನಿನ್ನ ಅಪ್ಪಯ್ಯ,
ಮಾಸ್ತಪ್ಪ


ಸಾಗರ
9-10-1966

ಚಿಕ್ಕಮ್ಮನಿಗೆ ದುಗ್ಗಮ್ಮನ ನಮಸ್ಕಾರ.

ಮೇಲೆ ಬರೆದ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ನಾವು ಜೂನ್‌ನಿಂದ ಸಾಗರದಲ್ಲೇ ಇದ್ದೇವೆ. ಇವರು ಮರ ಕೊಯ್ಯುವ ಮಿಲ್ಲಿಗೆ ಹೋಗುತ್ತಾರೆ. ಮಿಲ್ಲಿನ ಹಿಂದೆಯೇ ಒಂದು ಕೋಣೆ ಸಿಕ್ಕಿದೆ. ರಾತ್ರಿ ಊಟಕ್ಕೆ ಕೂತಾಗಲೂ ಇವರ ಕೂದಲಿಂದ ಮರದ ಪುಡಿ ಉದುರುತ್ತದೆ. ಗಿಡದ ಮಾತು ಎತ್ತುವುದಿಲ್ಲ. ಒಂದು ದಿನ ಮಾತ್ರ, "ಅಲ್ಲಿ ಬದುಕಿರೋದನ್ನ ಮುಟ್ತಿದ್ದೆ" ಅಂದರು. ಅಷ್ಟೇ.

ಅಪ್ಪಯ್ಯ ಈಗಲೂ ತೋಟದ ವಿಳಾಸಕ್ಕೇ ಬರೆಯುತ್ತಾರೆ. ಇವರ ಜಾಗಕ್ಕೆ ಬಂದ ಮಾಲಿ ಚಂದ್ರಯ್ಯ ಒಳ್ಳೆಯವನು. ಆ ಕಾಗದಗಳನ್ನು ಇಲ್ಲಿಗೆ ಕಳಿಸುತ್ತಾನೆ. ನಾನು ಬರೆದದ್ದನ್ನು ಅವನಿಗೆ ಕಳಿಸಿದರೆ ಅಲ್ಲಿಂದ ಟಪಾಲಿಗೆ ಹಾಕುತ್ತಾನೆ. ಹೊಸನಗರಕ್ಕೆ ಇಲ್ಲಿಂದ ಎರಡು ಗಂಟೆಯ ಬಸ್ಸು. ನನ್ನ ಕಾಗದ ಮಾತ್ರ ದುರ್ಗ ಸುತ್ತಿಕೊಂಡು ಎಂಟು ದಿನಕ್ಕೆ ಮನೆ ಸೇರುತ್ತದೆ.

ಚಿಗುರು ಯಾವ ಬಣ್ಣ ಅಂತ ಅಪ್ಪಯ್ಯ ಕೇಳಿದ್ದರು. ತಿಳಿಹಸಿರು ಅಂತ ಬರೆದೆ. ಬರೆದು ಕೈ ತೊಳೆದುಕೊಂಡೆ.

ನಿನ್ನೆ ಪೇಟೆಯಲ್ಲಿ ಹೊಸನಗರದವರು ಯಾರೋ ಕಂಡರು. ಸೆರಗು ಮುಖಕ್ಕೆ ಎಳೆದುಕೊಂಡು ಬಳೆ ಅಂಗಡಿಯೊಳಗೆ ನುಗ್ಗಿದೆ. ನಾನೇನು ಕದ್ದಿದ್ದೇನೆ ಚಿಕ್ಕಮ್ಮ? ಆದರೂ ಅಪ್ಪಯ್ಯನಿಗೆ ಗೊತ್ತಾಗುವುದು ಬೇಡ. ಅವರು ನಗುವುದನ್ನು ನಿಲ್ಲಿಸಿದರೆ ಇವರು ಮಾಡಿದ್ದಕ್ಕೆ ಅರ್ಥವೇ ಇರುವುದಿಲ್ಲ.

ದುಗ್ಗಮ್ಮ


ಸಾಗರ ಬಸ್ ಸ್ಟ್ಯಾಂಡ್
20-4-1967

ಹಾಲಮ್ಮನಿಗೆ ಭಾವ ಮಾಸ್ತಪ್ಪನ ಆಶೀರ್ವಾದ.

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಕ್ಷಮಿಸು. ಹೊಸನಗರದ ಎರಡು ಬಸ್ಸು ಬಿಟ್ಟೆ. ಮನೆಗೆ ಹೋಗಿ ನಿನ್ನ ಅಕ್ಕ ಯಮುನಮ್ಮನ ಮುಂದೆ ಯಾವ ಮುಖ ಇಟ್ಟುಕೊಳ್ಳಲಿ ಅಂತ ಇನ್ನೂ ಗೊತ್ತಾಗಿಲ್ಲ.

ಈ ಸಲದ ಯುಗಾದಿ ಆದ ಮೇಲೆ, ಯಾರಿಗೂ ಹೇಳದೆ ದುಗ್ಗಿಯ ತೋಟಕ್ಕೆ ಹೋದೆ. ನನ್ನ ಕಡ್ಡಿಗಳ ಹೂ ನೋಡಬೇಕಿತ್ತು. ಮುತ್ತುಗ ಹೂ ಬಿಟ್ಟು ಮುಗಿದಿತ್ತು. ನೋಡಲು ಬಂದ ಜನ ಅಲ್ಲೊಬ್ಬರು ಇಲ್ಲೊಬ್ಬರು. ನೇರ ಅವರ ಮನೆಗೆ ಹೋಗಿ, "ಮುಳ್ಳಿನ ರಾಣೀ!" ಅಂತ ಕೂಗಿದೆ. ಬೇರೆ ಯಾವುದೋ ಹೆಂಗಸು ಕೈಯಲ್ಲಿ ಸೌಟು ಹಿಡಿದು ಬಂದಳು. ಅವಳ ಹಿಂದೆ ಚಂದ್ರಯ್ಯ ಅನ್ನುವ ಮಾಲಿ.

"ಜಟ್ಟಿಂಗಪ್ಪ ಎಲ್ಲಪ್ಪಾ?" ಅಂದೆ. ಅವನು ನನ್ನನ್ನೇ ನೋಡಿದ. "ನೀವು ಹೊಸನಗರದ ಮಾಸ್ತಪ್ಪನೋರಾ? ನಿಮ್ಮ ಕೈಬರಹ ನಂಗೆ ಚೆನ್ನಾಗಿ ಗೊತ್ತು" ಅಂದ.

ಅವನು ಹೇಳಲು ಒಪ್ಪಲಿಲ್ಲ. ಹೇಳದಿದ್ದರೆ ಇಲ್ಲೇ ಮಲಗುತ್ತೇನೆ ಅಂದೆ. ಆಮೇಲೆ ಹೊಸ ಪಾತಿಯ ಹತ್ತಿರ ಕರೆದುಕೊಂಡು ಹೋಗಿ, ಒಣಗಲು ಇಟ್ಟ ಕಡ್ಡಿಗಳಿಗೆ ನೀರು ಬಿದ್ದು ಎಲ್ಲ ಕೊಳೆತವು, ಅದಕ್ಕೇ ಜಟ್ಟಿಂಗಪ್ಪನ ಕೆಲಸ ಹೋಯಿತು ಅಂದ. ಸುತ್ತ ಕಲ್ಲು ಜೋಡಿಸಿದ್ದಾರೆ, ಹೆಸರಿನ ಹಲಗೆ ನೆಟ್ಟಿದ್ದಾರೆ, ಒಳಗೆ ಬರೀ ಮಣ್ಣು. ನಿಂತು ನೋಡಿದ ಒಬ್ಬ ಮುದುಕ ನನ್ನನ್ನು, "ಇಲ್ಲೇನೂ ಇಲ್ವಲ್ಲ?" ಅಂತ ಕೇಳಿದ.

ಮುಕುಂದಯ್ಯ ಸಾಹೇಬರ ಹತ್ತಿರ ಹೋದೆ. ಕೈ ಮುಗಿದು, "ಸ್ವಾಮಿ, ಆ ನೀರು ಹಾಕಿದೋನು ನಾನು" ಅಂದೆ. ನಾನು ತಮಾಷೆಯವನು ಅಂತ ಅವರಿಗೆ ನೆನಪಿತ್ತು. ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ಕುರ್ಚಿಯಿಂದ ಎದ್ದರು.

"ಜಟ್ಟಿಂಗಪ್ಪ ತಾನೇ ಹಾಕಿದೆ ಅಂದನಲ್ಲ?"

"ಅವನು ಆಗ ಊರಲ್ಲೇ ಇರ್ಲಿಲ್ಲ ಸ್ವಾಮಿ. ನಿಮ್ಮ ಜೊತೇಲೇ ಇದ್ದ."

ಸಾಹೇಬರಿಗೂ ಅದು ಆಗಲೇ ಹೊಳೆದದ್ದು. "ಹೌದಲ್ಲ... ಹೋಗೋಕೆ ಮುಂಚೆಯೋ ಬಂದ ಮೇಲೋ ಹಾಕಿರಬೇಕು ಅಂದ್ಕೊಂಡೆ. ನಾನು ಕೇಳಲೇ ಇಲ್ಲ" ಅಂದರು. ಆಮೇಲೆ, "ಆಗ ಒಂದು ಮಾತು ತಿಳಿದಿದ್ರೆ ಅವನನ್ನ ಕಳಿಸ್ತಿರ್ಲಿಲ್ಲ. ಈಗ ಜಾಗ ಭರ್ತಿಯಾಗಿದೆ. ಚಂದ್ರಯ್ಯಂಗೂ ಹೆಂಡ್ತಿ ಮಕ್ಕಳಿದ್ದಾರೆ" ಅಂದರು.

ಹಾಲಮ್ಮಾ, ಒಂದು ಮಾತೇನು, ನಾನು ಒಂದು ಕಾಗದದ ತುಂಬ ಬರೆದಿದ್ದೆನಲ್ಲ! ಅದು ಮಗಳು ಅಳಿಯನ ಕೈಯಲ್ಲೇ ಇತ್ತು. ಜಟ್ಟಿಂಗಪ್ಪ ಅದನ್ನು ಸಾಹೇಬರ ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಆಮೇಲೆ ನಾನು ಕಾಗದದ ಮೇಲೆ ಕಾಗದ ಬರೆದು ಚಿಗುರು ಬಂತಾ, ಬಣ್ಣ ಯಾವುದು ಅಂತ ಕೇಳಿದೆ. ನನ್ನ ಮಗಳು ಕೂತು ಉತ್ತರ ಬರೆದಳು.

ನಾನು ಬಂದದ್ದನ್ನು ಹೇಳಬೇಡ ಅಂತ ಚಂದ್ರಯ್ಯನಿಂದ ಆಣೆ ಮಾಡಿಸಿಕೊಂಡು, ಸಾಗರದ ವಿಳಾಸ ಇಸಿದುಕೊಂಡೆ. ಇವತ್ತು ಆನಂದಪುರ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಏನು ಮಾತಾಡಬೇಕು ಅಂತ ಹತ್ತು ಸಲ ಜೋಡಿಸಿಕೊಂಡೆ. ಮಿಲ್ಲಿನ ಎದುರು ಎತ್ತಿನ ಗಾಡಿಯೊಂದು ನಿಂತಿತ್ತು. ಅದರ ಮರೆಯಲ್ಲಿ ನಿಂತೆ. ಮಧ್ಯಾಹ್ನದ ಸಿಳ್ಳೆ ಆಯಿತು. ಜಟ್ಟಿಂಗಪ್ಪ ಬಂದು ದಿಮ್ಮಿಯ ಮೇಲೆ ಕೂತ. ತಲೆ, ಹುಬ್ಬು ಎಲ್ಲ ಮರದ ಪುಡಿ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದಾನೆ. ದುಗ್ಗಿ ಬುತ್ತಿ ತಂದಳು. ಸೊರಗಿದ್ದಾಳೆ.

ಬುತ್ತಿ ಬಿಚ್ಚುತ್ತಾ ಅವಳು ಏನೋ ಹೇಳಿದಳು. ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು, ಹೊಟ್ಟೆ ಮುಂದೆ ಮಾಡಿ, ಕತ್ತು ಓರೆ ಮಾಡಿ ನಾಲ್ಕು ಹೆಜ್ಜೆ ನಡೆದಳು. ಅದು ನಾನು. ನಾನು ಸಂತೆಯಲ್ಲಿ ನಡೆಯುವ ರೀತಿ. ಅವನು ಬಾಯಲ್ಲಿ ತುತ್ತು ಇಟ್ಟುಕೊಂಡು ನಕ್ಕುನಕ್ಕು ಕೆಮ್ಮಿದ. ಅವಳು ಬೆನ್ನು ತಟ್ಟಿದಳು.

ನಾನು ಆ ಗಾಡಿಯ ಹಿಂದಿನಿಂದಲೇ ವಾಪಸು ಬಂದೆ.

ನಿನಗೆ ಇದೆಲ್ಲ ಗೊತ್ತಿತ್ತು ಅಂತ ನನಗೆ ಅನುಮಾನ. ಈಗ ನಾನು ಏನು ಮಾಡಲಿ ಹೇಳು.

ಮಾಸ್ತಪ್ಪ


ತೀರ್ಥಹಳ್ಳಿ
27-4-1967

ಭಾವನಿಗೆ ಹಾಲಮ್ಮನ ನಮಸ್ಕಾರಗಳು.

ಗೊತ್ತಿತ್ತು ಭಾವ. ದುಗ್ಗಿ ನನ್ನ ಬಾಯಿ ಕಟ್ಟಿಹಾಕಿದ್ದಳು. ಒಂದು ವರ್ಷ ನಿಮ್ಮ ಕಂಡಕ್ಟರ್ ಬಾಯಲ್ಲಿ ನಿಮ್ಮ ಕೈಗುಣದ ಕಥೆ ಕೇಳಿ, ನಕ್ಕ ಹಾಗೆ ಮಾಡಿ, ಬಸ್ಸಿಳಿದಿದ್ದೇನೆ.

ನನ್ನ ಮಾತು ಕೇಳುವುದಾದರೆ ನಾಳೆಯೇ ಸಾಗರಕ್ಕೆ ಹೋಗಿ ಎಲ್ಲ ಗೊತ್ತಾಯಿತು ಅಂತ ಹೇಳಿ. ಅಳಬೇಕಾದರೆ ಮೂರೂ ಜನ ಒಂದು ಸಲ ಅತ್ತುಬಿಡಿ. ಆ ಹುಡುಗಿ ಪೇಟೆಯಲ್ಲಿ ಎಷ್ಟು ದಿನ ಅಂತ ಮುಖ ಮುಚ್ಚಿಕೊಂಡು ಓಡಾಡಬೇಕು?

ಅಕ್ಕನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅವಳು ನೀವು ಅಂದುಕೊಂಡಷ್ಟು ದಡ್ಡಿಯಲ್ಲ.

ಹಾಲಮ್ಮ


ಹೊಸನಗರ
8-5-1967

ಗುಡ್ಡದ ತೋಟದಲ್ಲಿರುವ ಮಗಳು ದುಗ್ಗಿಗೆ ಅಪ್ಪಯ್ಯನ ಆಶೀರ್ವಾದ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಪೆನ್ನು ಸರಿಯಿಲ್ಲ, ಬೇರೇನಿಲ್ಲ. ನಿನ್ನ ಅವ್ವ, "ಏನ್ ಅಷ್ಟೊಂದು ಹರೀತೀರಿ, ಒಲೆ ಉರಿ ಹಚ್ಚೋಕಾ?" ಅಂತ ಕೇಳಿದಳು. ಹೌದು ಅಂದೆ. ಅವಳು ಆ ಚೂರುಗಳನ್ನು ಆರಿಸಿ ಒಲೆಗೇ ಹಾಕಿದಳು. ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದದ್ದು ನಮ್ಮ ಮದುವೆಯಾದ ಮೇಲೆ ಇದೇ ಮೊದಲು.

ಈ ವರ್ಷ ಯುಗಾದಿಗೆ ನಿಮ್ಮ ತೋಟ ನೋಡಲು ಬರಲಾಗಲಿಲ್ಲ. ಇನ್ನು ಮುಂದೆಯೂ ಆಗುವುದಿಲ್ಲ. ಪಂಡಿತರು ನನ್ನ ನಾಡಿ ಹಿಡಿದು, "ಮಾಸ್ತಪ್ಪ, ನಿಂದು ಮಲೆನಾಡಿನ ಮೂಳೆ, ಬಯಲುಸೀಮೆ ಗಾಳಿಗೆ ಬಿರುಕು ಬಿಡ್ತದೆ" ಅಂದರು. ಆದ್ದರಿಂದ ನಾನು ದಿಢೀರ್ ಅಂತ ಬಂದು ಬಾಗಿಲು ಬಡಿಯುತ್ತೇನೆ ಅನ್ನುವ ಭಯ ನಿನಗೆ ಬೇಡ. ಅಲ್ಲಿಯ ಗಿಡಗಳ ಬಗ್ಗೆ ಬರೆಯುವುದೂ ಬೇಡ. ಓದಿದರೆ ನೋಡುವ ಆಸೆಯಾಗುತ್ತದೆ, ನೋಡಲು ಮೂಳೆ ಬಿಡುವುದಿಲ್ಲ. ನೀನು ಏನು ಅಡುಗೆ ಮಾಡಿದೆ, ಅವನು ಎಷ್ಟು ಉಂಡ, ಅಷ್ಟು ಬರೆದರೆ ಸಾಕು.

ಮಳೆ ಹಿಡಿಯುವ ಮುಂಚೆ ಸಾಹೇಬರ ಹತ್ತಿರ ರಜೆ ಕೇಳಿ ಇಬ್ಬರೂ ನಾಲ್ಕು ದಿನ ಬಂದು ಹೋಗಿ. ಅವರು ಕೊಡುತ್ತಾರೆ, ಒಳ್ಳೆಯ ಮನುಷ್ಯ. ಯಾವ ಬಸ್ಸಿಗೆ ಬಂದಿರಿ, ಯಾವ ದಾರಿಯಲ್ಲಿ ಬಂದಿರಿ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಕೇಳುವ ಬಾಯಿಗಳಿಗೆಲ್ಲ ಎಲೆ ಅಡಿಕೆ ತುಂಬುವುದು ನನ್ನ ಕೆಲಸ.

ಇನ್ನೊಂದು ಮಾತು. ಜಟ್ಟಿಂಗಪ್ಪನಿಗೆ ಮೊದಲೇ ಹೇಳಿಟ್ಟಿರು, ಗಾಬರಿಯಾದಾನು. ಅವನು ಈ ಮನೆಯ ಮೆಟ್ಟಿಲು ಹತ್ತುವಾಗ ನಾನು ಎದ್ದು ನಿಲ್ಲುತ್ತೇನೆ. ಅವನು ಕೂರುವ ತನಕ ಕೂರುವುದಿಲ್ಲ. ಮಾವ ಆದವನು ಅಳಿಯನಿಗೆ ಎದ್ದು ನಿಲ್ಲುವುದು ಎಲ್ಲಿಯ ಪದ್ಧತಿ ಅಂತ ಅವನು ಕೇಳಿದರೆ, ಅಪ್ಪಯ್ಯನ ಮೊಣಕಾಲು ಹಿಡಿದುಕೊಂಡಿದೆ, ಆಗಾಗ ಎದ್ದು ನಿಲ್ಲಬೇಕು ಅಂತ ಪಂಡಿತರು ಹೇಳಿದ್ದಾರೆ ಅನ್ನು.

ನಿನ್ನ ಅಪ್ಪಯ್ಯ,
ಮಾಸ್ತಪ್ಪ